ಸಿಪಾನಿ ಡಾಲ್ಫಿನ್

ಸಿಪಾನಿ ಡಾಲ್ಫಿನ್ ಬೆಂಗಳೂರಿನ ಸಿಪಾನಿ ಸಂಸ್ಥೆಯು 1982ರಿಂದ ತಯಾರಿಸಿದ ಎರಡು ಬಾಗಿಲಿನ ಸಣ್ಣ ಕಾರು. ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯನ್ನು ಆಧರಿಸಿದ ಇದಕ್ಕೆ 848 ಸಿಸಿ ಅಲ್ಯೂಮಿನಿಯಂ ಎಂಜಿನ್ ಮತ್ತು ಫೈಬರ್‌ಗ್ಲಾಸ್ ಹೊರಮೈ ಇವೆ. ಕುಟುಂಬದ ಕಾರಾಗಿ ಹೆಚ್ಚು ಜನಪ್ರಿಯವಾಗದಿದ್ದರೂ, ತೂಕ ಕಡಿಮೆಯಿದ್ದುದರಿಂದ ರ‍್ಯಾಲಿ ಹಾಗೂ ರೇಸ್‌ಗಳಲ್ಲಿ ಹೆಸರು ಗಳಿಸಿತು.

ನಿರ್ವಹಣೆ ಮತ್ತು ದುರಸ್ತಿ

ಫೈಬರ್‌ಗ್ಲಾಸ್ ತುಕ್ಕು ಹಿಡಿಯುವುದಿಲ್ಲ. ಈ ಗುಣವೇ ಮಾಲೀಕರನ್ನು ದಾರಿ ತಪ್ಪಿಸುವುದುಂಟು: ಹೊರಗೆ ಹೊಳೆಯುವ ಕಾರಿನ ಅಡಿಯಲ್ಲಿ ಉಕ್ಕಿನ ಚಾಸಿಸ್ ಶಿಥಿಲಗೊಂಡಿರಬಹುದು. ಆದ್ದರಿಂದ ಪರಿಶೀಲನೆಯನ್ನು ಅಡಿಭಾಗದಿಂದಲೇ ಆರಂಭಿಸುವುದು ಸೂಕ್ತ. ಚಾಸಿಸ್‌ಗೆ ಬೆಸುಗೆ ಹಾಕುವ ಮುನ್ನ ಹೊರಮೈಯನ್ನು ಕಳಚಿಡಬೇಕು. ಅದರಲ್ಲಿರುವ ರೆಸಿನ್‌ಗೆ ಬೆಂಕಿ ತಗುಲುವ ಅಪಾಯವಿದೆ. ಬಿರುಕುಗಳಿಗೆ ಪುಟ್ಟಿ ಮೆತ್ತಿದರೆ ಸಾಲದು. ಒಳಬದಿಯಿಂದ ಗ್ಲಾಸ್ ಮ್ಯಾಟ್ ಮತ್ತು ರೆಸಿನ್ ಹಚ್ಚದಿದ್ದರೆ ಅವು ಮತ್ತೆ ಬಾಯಿ ಬಿಡುತ್ತವೆ. ಫೈಬರ್‌ಗ್ಲಾಸ್ ವಿದ್ಯುತ್ ವಾಹಕವಲ್ಲದ ಕಾರಣ ಪ್ರತಿ ದೀಪಕ್ಕೂ ಅರ್ಥಿಂಗ್ ತಂತಿ ಅಗತ್ಯ. ದೀಪ ಮಂಕಾದಾಗ ಬಲ್ಬ್ ಬದಲಿಸುವ ಮೊದಲು ಈ ತಂತಿಯ ಜೋಡಣೆಯನ್ನು ನೋಡಬೇಕು.

ರೇಡಿಯೇಟರ್‌ಗೆ ಕೊಳವೆ ಬಾವಿಯ ಗಡಸು ನೀರನ್ನು ತುಂಬಿದರೆ ಎಂಜಿನ್ನಿನ ನೀರಿನ ಹಾದಿಯಲ್ಲಿ ಸುಣ್ಣ ಕಟ್ಟುತ್ತದೆ. ಅತಿಯಾಗಿ ಕಾದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗುತ್ತದೆ. ಭಟ್ಟಿ ಇಳಿಸಿದ ನೀರು ಹಾಗೂ ತುಕ್ಕು ನಿರೋಧಕ ಕೂಲಂಟ್ ಬಳಸಿ ಇದನ್ನು ತಪ್ಪಿಸಬಹುದು. ರಿಲಯಂಟ್ ರಾಬಿನ್ ಎಂಬ ಮೂರು ಚಕ್ರದ ಕಾರಿಗೂ ಇದೇ ಎಂಜಿನ್ ಇದ್ದುದರಿಂದ ಬಿಡಿಭಾಗಗಳಿಗೆ ಬ್ರಿಟನ್ನಿನತ್ತ ನೋಡುವುದು ಉಪಯುಕ್ತ.

2021ರ ಕೇಂದ್ರ ನಿಯಮಗಳ ಪ್ರಕಾರ ವಿಂಟೇಜ್ ನೋಂದಣಿಗೆ ವಾಹನವು 50 ವರ್ಷ ದಾಟಿರಬೇಕು. ಡಾಲ್ಫಿನ್ ಇನ್ನೂ ಆ ವಯಸ್ಸನ್ನು ತಲುಪಿಲ್ಲ. ಹೀಗಾಗಿ ಉಳಿದಿರುವ ಕಾರುಗಳು ಸಾಮಾನ್ಯ ಕಾರುಗಳಂತೆಯೇ 5 ವರ್ಷಕ್ಕೊಮ್ಮೆ ತಪಾಸಣೆಯಲ್ಲಿ ಉತ್ತೀರ್ಣವಾಗಿ ನೋಂದಣಿಯನ್ನು ನವೀಕರಿಸಿಕೊಳ್ಳಬೇಕಾಗುತ್ತದೆ.