ಊರು ಹಾಗೇ ಇದೆ, ದಾರಿ ಮುಚ್ಚಿದ್ದು ಯಾರು?

1993ನೇ ಇಸವಿ. ಅಮೆರಿಕದ ಮಿನ್ನೆಸೋಟಾ. ಕ್ರಿಕೆಟ್ ಅಂದ್ರೆ ಏನು ಅಂತ ಅಕ್ಕಪಕ್ಕದವರಿಗೆ ಗೊತ್ತೇ ಇಲ್ಲದ ಜಾಗ. ಅಲ್ಲಿನ ವಿಶ್ವವಿದ್ಯಾಲಯದಲ್ಲಿದ್ದ ಬ್ರಿಟಿಷ್ ಸಂಶೋಧಕ ಸೈಮನ್ ಕಿಂಗ್‌ಗೆ ಸ್ಕೋರ್ ಬೇಕು. ಟೀವಿಯಲ್ಲಿ ಬರಲ್ಲ, ಪೇಪರ್‌ನಲ್ಲೂ ಬರಲ್ಲ. ಆತ ಏನು ಮಾಡಿದ ಗೊತ್ತಾ? ಇಂಟರ್ನೆಟ್ ಚಾಟ್‌ನಲ್ಲಿ ಕೇಳಿದವರಿಗೆ ಸ್ಕೋರ್ ಹೇಳುವ ಒಂದು ಪುಟ್ಟ ಪ್ರೋಗ್ರಾಂ ಬರೆದ. ಅದೇ ಕ್ರಿಕ್‌ಇನ್ಫೋ!

ಅದನ್ನು ಬೆಳೆಸಿದವರು ಯಾವ ಕಂಪನಿಯವರೂ ಅಲ್ಲ. ಬೇರೆ ಬೇರೆ ದೇಶಗಳಲ್ಲಿ ಓದುತ್ತಿದ್ದ, ಕೆಲಸ ಮಾಡುತ್ತಿದ್ದ ಕ್ರಿಕೆಟ್ ಹುಚ್ಚರು. ಅವರಲ್ಲಿ ನಮ್ಮ ಭಾರತದ ಹುಡುಗರೂ ಇದ್ದರು. ಸಂಬಳ ಇಲ್ಲ, ಸಾಹೇಬರಿಲ್ಲ. ಕೂತು ಸ್ಕೋರ್‌ಕಾರ್ಡ್ ಟೈಪ್ ಮಾಡ್ತಿದ್ರು, ಅಷ್ಟೆ. ಅದು 2003ರಲ್ಲಿ ವಿಸ್ಡನ್ ಕೈಗೆ, 2007ರಲ್ಲಿ ಇಎಸ್‌ಪಿಎನ್ ಕೈಗೆ ಹೋಯಿತು. ಅದು ಆಮೇಲಿನ ಕಥೆ.

ನನ್ನ ಪ್ರಶ್ನೆ ಬೇರೆ. ಗೂಗಲ್ ಹುಟ್ಟಿದ್ದೇ 1998ರಲ್ಲಿ. ಹಾಗಾದ್ರೆ ಅದಕ್ಕೂ ಮೊದಲು ಇಂಥ ಜಾಗಗಳನ್ನು ಜನ ಹುಡುಕಿದ್ದಾದರೂ ಹೇಗೆ? ಉತ್ತರ ಬಹಳ ಸರಳ. ಮನುಷ್ಯರು ಮನುಷ್ಯರಿಗೆ ದಾರಿ ತೋರಿಸಿದರು.

ಆ ದಾರಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಪಟ್ಟಿ. 1994ರ ಆರಂಭದಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ, ತಾವು ಕಂಡ ವೆಬ್‌ಸೈಟ್‌ಗಳನ್ನೆಲ್ಲ ವಿಷಯವಾರು ಪಟ್ಟಿ ಮಾಡತೊಡಗಿದರು. ಆ ಪಟ್ಟಿಯೇ ಯಾಹೂ ಆಯಿತು. ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿದ ಹಾಗೆ, ಮನುಷ್ಯರೇ ಕೂತು ನೋಡಿ ಇದು ಆಟ, ಇದು ಸಂಗೀತ, ಇದು ತೋಟಗಾರಿಕೆ ಅಂತ ವಿಂಗಡಿಸುತ್ತಿದ್ದರು.

ಎರಡನೆಯದು, ಬಡಾವಣೆ. 1994ರಲ್ಲೇ ಶುರುವಾದ ಜಿಯೋಸಿಟೀಸ್ ಯಾರು ಬೇಕಾದರೂ ಪುಕ್ಕಟೆಯಾಗಿ ಪುಟ ಕಟ್ಟಿಕೊಳ್ಳಲು ಜಾಗ ಕೊಟ್ಟಿತು. ಸುಮ್ಮನೆ ಕೊಡಲಿಲ್ಲ, ಬಡಾವಣೆ ಮಾಡಿ ಕೊಟ್ಟಿತು. ವೈಜ್ಞಾನಿಕ ಕಾದಂಬರಿ ಪ್ರಿಯರಿಗೆ 'ಏರಿಯಾ51', ಕಂಪ್ಯೂಟರ್ ಪ್ರಿಯರಿಗೆ 'ಸಿಲಿಕಾನ್‌ವ್ಯಾಲಿ', ಗೇಮ್ ಆಡುವವರಿಗೆ 'ಟೈಮ್ಸ್‌ಸ್ಕ್ವೇರ್'. ಬೀದಿ ಹಿಡಿದು ಹೊರಟರೆ ಸಾಕು, ನಿಮ್ಮಂಥ ಹುಚ್ಚಿನವರೇ ಸಾಲಾಗಿ ಮನೆ ಕಟ್ಟಿಕೊಂಡಿರುತ್ತಿದ್ದರು.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು, ವೆಬ್‌ರಿಂಗ್. ಇದನ್ನು ಕಟ್ಟಿದ್ದು ಅಮೆರಿಕದ ಆರೆಗನ್‌ನ ಒಬ್ಬ ಹದಿಹರೆಯದ ಹುಡುಗ, ಸೇಜ್ ವೈಲ್. ಒಂದೇ ಹವ್ಯಾಸದ ಐವತ್ತು ಸೈಟ್‌ಗಳು ಇವೆ ಅಂದುಕೊಳ್ಳಿ. ಪ್ರತಿ ಪುಟದ ಕೆಳಗೂ 'ಹಿಂದಿನದು', 'ಮುಂದಿನದು' ಅಂತ ಎರಡು ಬಟನ್. ಒತ್ತುತ್ತಾ ಹೋದರೆ ಐವತ್ತೂ ಮನೆ ಸುತ್ತಿ ಹೊರಟಲ್ಲಿಗೇ ವಾಪಸ್. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಗೊತ್ತು, ಇದು ಸರ್ಕ್ಯುಲರ್ ಲಿಂಕ್ಡ್ ಲಿಸ್ಟ್! ಪರೀಕ್ಷೆಗೆ ಅಂತ ನಾವು ಉರು ಹೊಡೆದಿದ್ದನ್ನು ಆ ಹುಡುಗ ಊರು ಜೋಡಿಸೋಕೆ ಬಳಸಿದ. ಇಲ್ಲಿ ದೊಡ್ಡ ಸೈಟ್, ಸಣ್ಣ ಸೈಟ್ ಅನ್ನೋ ಭೇದವೇ ಇಲ್ಲ. ಎಲ್ಲರಿಗೂ ಒಂದೇ ಸರದಿ.

ಈ ದಾರಿಗಳಲ್ಲಿ ಸಿಗುತ್ತಿದ್ದದ್ದೇನು? ಒಬ್ಬೊಬ್ಬರ ತಪಸ್ಸು. 1994ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಮಾರ್ಕ್ ಕ್ರೌಥರ್ ಎಂಬಾತ 'ದ ವೀಕ್ ಇನ್ ಚೆಸ್' ಶುರುಮಾಡಿದ. ಪ್ರಪಂಚದಲ್ಲಿ ನಡೆದ ಚೆಸ್ ಪಂದ್ಯಗಳ ನಡೆಗಳನ್ನು ವಾರವಾರವೂ ಕೂಡಿಸಿ ಪುಕ್ಕಟೆಯಾಗಿ ಕೊಟ್ಟ. 1995ರಲ್ಲಿ ಜೆಫ್ ವೀಸಿ ಕಟ್ಟಿದ 'ಗೇಮ್‌ಫ್ಯಾಕ್ಸ್'ನಲ್ಲಿ ಆಟಗಾರರು ವಿಡಿಯೋ ಗೇಮ್‌ಗಳ ಮಾರ್ಗದರ್ಶಿಗಳನ್ನು ತಾವೇ ಬರೆದಿಡುತ್ತಿದ್ದರು. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಯಾವುದೋ ಗೇಮ್‌ನ ಒಂದು ಹಂತ ದಾಟಲಾಗದೆ ಕೂತಾಗ ನಮ್ಮನ್ನು ದಾಟಿಸಿದ್ದು ಅಂಥ ಮಾರ್ಗದರ್ಶಿಗಳೇ. ಚಿತ್ರ ಇಲ್ಲ, ಬಣ್ಣ ಇಲ್ಲ. ಬರೀ ಅಕ್ಷರ. ನಕ್ಷೆಯನ್ನೂ ಗೆರೆ, ಚುಕ್ಕಿ, ನಕ್ಷತ್ರ ಚಿಹ್ನೆಗಳಲ್ಲೇ ಬಿಡಿಸಿರೋರು. ಬರೆದವನ ಮುಖ ನೋಡಿದವರಿಲ್ಲ.

ಆಮೇಲೆ ಗೂಗಲ್ ಬಂತು. ಅದರ ಜಾಣತನ ಎಲ್ಲಿತ್ತು? ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು ಲಿಂಕ್ ಕೊಟ್ಟಿವೆ, ಕೊಟ್ಟವರ ತೂಕ ಎಷ್ಟು ಅಂತ ಅಳೆದು ಯಾವುದು ಮೇಲೆ, ಯಾವುದು ಕೆಳಗೆ ಅಂತ ತೀರ್ಮಾನಿಸಿತು. ಅಂದ್ರೆ, ಜನ ಪ್ರೀತಿಯಿಂದ ಒಬ್ಬರಿಗೊಬ್ಬರು ತೋರಿಸಿದ ದಾರಿಗಳನ್ನೇ ಯಂತ್ರ ಎಣಿಸಿತು. ಬೆಳೆ ಬೆಳೆದವರು ಹವ್ಯಾಸಿಗಳು, ಕಣ ಮಾಡಿದ್ದು ಗೂಗಲ್! ಹುಡುಕೋದು ಅಷ್ಟು ಸುಲಭ ಆದಮೇಲೆ ಪಟ್ಟಿ ಮಾಡುವ ಕಷ್ಟ ಯಾರಿಗೆ ಬೇಕು? ಇನ್ನೊಂದು ಕಡೆ, ಲಿಂಕಿಗೆ ಬೆಲೆ ಬಂತು ಅಂತ ಗೊತ್ತಾದ ಕೂಡಲೇ ವ್ಯಾಪಾರಿಗಳು ಲಿಂಕನ್ನೇ ಮಾರತೊಡಗಿದರು.

ಆದರೂ ಬ್ಲಾಗ್‌ಗಳ ಕಾಲದಲ್ಲಿ ಹಳೇ ಪದ್ಧತಿ ಮತ್ತೆ ಚಿಗುರಿತು. ಬ್ಲಾಗಿನ ಪಕ್ಕದಲ್ಲಿ 'ನನ್ನ ಮೆಚ್ಚಿನ ಬ್ಲಾಗ್‌ಗಳು' ಅಂತ ಪಟ್ಟಿ ಇರ್ತಿತ್ತು. ಯೂನಿಕೋಡ್ ಬಂದ ಮೇಲೆ ಕನ್ನಡದಲ್ಲೂ ಇದು ಜೋರಾಯಿತು. ಬೆಂಗಳೂರಿನಲ್ಲಿ ಕೂತ ಟೆಕ್ಕಿ, ಅಮೆರಿಕದಲ್ಲಿದ್ದ ಕನ್ನಡಿಗ, ಮಲೆನಾಡಿನ ಮೇಷ್ಟ್ರು ಎಲ್ಲ ಬರೆದರು. ಹಕ್ಕಿ, ಚಾರಣ, ಫೋಟೊ, ಅಡುಗೆ, ಹಳೆಯ ನಾಣ್ಯ, ಬೇಕಾದ್ದು ಸಿಗುತ್ತಿತ್ತು. ಒಂದು ಬ್ಲಾಗ್ ತೆರೆದರೆ ಪಕ್ಕದ ಪಟ್ಟಿಯಿಂದ ಹತ್ತು ಬ್ಲಾಗ್. ಹೊಸ ಬರಹ ಬಂದ ಕೂಡಲೇ ಒಂದೇ ಕಡೆ ತಂದಿಡಲು 2005ರಲ್ಲಿ ಬಂದ ಗೂಗಲ್ ರೀಡರ್ ಇತ್ತು.

ಈಗ ಬಾಗಿಲು ಮುಚ್ಚಿದ ಲೆಕ್ಕ ನೋಡಿ. 1999ರಲ್ಲಿ ಜಿಯೋಸಿಟೀಸನ್ನು 300 ಕೋಟಿ ಡಾಲರ್‌ಗೂ ಹೆಚ್ಚು ಬೆಲೆಗೆ ಕೊಂಡ ಯಾಹೂ, 2009ರ ಅಕ್ಟೋಬರ್ 26ರಂದು ಅಮೆರಿಕದಲ್ಲಿ ಅದನ್ನು ಮುಚ್ಚಿತು. 'ಆರ್ಕೈವ್ ಟೀಮ್' ಎಂಬ ಸ್ವಯಂಸೇವಕರು ರಾತ್ರಿಹಗಲು ಕೂತು ಒಂದಷ್ಟನ್ನು ಉಳಿಸಿಕೊಂಡರು. ಬಳಸುವವರು ಕಡಿಮೆಯಾದರು ಅಂತ ಹೇಳಿ ಗೂಗಲ್ ರೀಡರ್ ಅನ್ನು 2013ರ ಜುಲೈ 1ಕ್ಕೆ ನಿಲ್ಲಿಸಿದರು. ಯಾಹೂ ಪಟ್ಟಿ 2014ರ ಕೊನೆಗೆ ಹೋಯಿತು. ಒಂದು ಬಟನ್ ಒತ್ತಿದರೆ ನಿಮ್ಮ ಅಭಿರುಚಿಯ ಯಾವುದೋ ಅಪರಿಚಿತ ಸೈಟ್‌ಗೆ ಕರೆದೊಯ್ಯುತ್ತಿದ್ದ ಸ್ಟಂಬಲ್‌ಅಪಾನ್ 2018ರಲ್ಲಿ ಮುಗಿಯಿತು.

ಬರೆಯುವವರು ಸತ್ತರಾ? ಇಲ್ಲ. ಊರು ಹಾಗೇ ಇದೆ. ಬಸ್ ನಿಂತುಹೋಯಿತು, ಅಷ್ಟೆ. ಬಸ್ ನಿಂತ ಊರು ನಿಧಾನಕ್ಕೆ ಖಾಲಿಯಾಗುತ್ತೆ. ಅದು ಯಾರಿಗೂ ಗೊತ್ತೂ ಆಗಲ್ಲ.

'ಈಗ ಎಲ್ಲಾ ಮೊಬೈಲ್‌ನಲ್ಲೇ ಸಿಗುತ್ತಲ್ಲ ಸ್ವಾಮಿ' ಅಂತೀರಾ? ಸಿಗುತ್ತೆ, ಒಪ್ಪಿದೆ. ಬ್ಲಾಗ್ ಬರೆಯಲು ಬಾರದ ಎಷ್ಟೋ ಜನ ಇವತ್ತು ವಿಡಿಯೋ ಮಾಡಿ ಹೆಸರು ಮಾಡಿದ್ದಾರೆ, ಅದು ಸಂತೋಷವೇ. ಆದರೆ ನಿಮಗೆ ಸಿಗುವುದು ನೀವು ಹುಡುಕಿದ್ದಲ್ಲ, ನಿಮ್ಮ ಮುಂದೆ ತಂದು ಸುರಿದಿದ್ದು. ಅದನ್ನು ಆರಿಸಿದ ಯಂತ್ರ ಕೇಳುವ ಪ್ರಶ್ನೆ ಒಂದೇ: ಇವನು ಇನ್ನೂ ಎಷ್ಟು ಹೊತ್ತು ಕೂತಿರ್ತಾನೆ? ಟಿಆರ್‌ಪಿ ನೋಡಿಕೊಂಡೇ ಬದುಕುವ ಟೀವಿಯವನು ನಾನು. ಆ ಪ್ರಶ್ನೆಯ ರುಚಿ ನನಗೆ ಚೆನ್ನಾಗಿ ಗೊತ್ತು. ಹತ್ತು ಸಾವಿರ ಜನ ನೋಡೋದು ಉಳಿಯುತ್ತೆ, ಹತ್ತು ಜನರಿಗೆ ಪ್ರಾಣವಾಗಿರೋದು ಉಳಿಯಲ್ಲ.

ಹತ್ತು ಜನರ ವಿಷಯ ಯಾಕೆ ಮುಖ್ಯ ಅಂದ್ರೆ, ಒಂದು ಉದಾಹರಣೆ ಕೊಡ್ತೀನಿ. ಮುಮ್ಮಡಿ ಕೃಷ್ಣರಾಜ ಒಡೆಯರು 'ಶ್ರೀತತ್ತ್ವನಿಧಿ'ಯಲ್ಲಿ ಕೌತುಕನಿಧಿ ಅಂತ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಅದು ಅರಮನೆಯ ಮಾತಾಯಿತು. ನಿಮ್ಮ ಅಜ್ಜಿ ಆಡುತ್ತಿದ್ದ ಅಳಗುಳಿಮಣೆಯ ನಿಯಮವನ್ನು, ಚೌಕಾಬಾರದ ನಿಮ್ಮೂರಿನ ಪದ್ಧತಿಯನ್ನು ಯಾರು ಬರೆದಿಟ್ಟಿದ್ದಾರೆ? ಯಾರೋ ಒಬ್ಬರು ಬರೆದಿದ್ದರೂ, ಅಲ್ಲಿಗೆ ನಿಮ್ಮನ್ನು ಕರೆದೊಯ್ಯುವವರು ಯಾರು?

ದಾರಿ ಪೂರ್ತಿ ಮುಚ್ಚಿಲ್ಲ. ಜಿಯೋಸಿಟೀಸ್ ನೆನಪಲ್ಲೇ 2013ರಲ್ಲಿ ನಿಯೋಸಿಟೀಸ್ ಹುಟ್ಟಿತು, ಹೊಸ ಹುಡುಗರು ಅಲ್ಲಿ ಮನೆ ಕಟ್ಟುತ್ತಿದ್ದಾರೆ. ಸಣ್ಣ ಸೈಟ್‌ಗಳನ್ನೇ ಹೆಚ್ಚಾಗಿ ಹುಡುಕಿಕೊಡುವ 'ಮಾರ್ಜಿನೇಲಿಯಾ' ಎಂಬ ಸರ್ಚ್ ಇಂಜಿನ್ ಸ್ವೀಡನ್‌ನಿಂದ ಬಂದಿದೆ. ವೆಬ್‌ರಿಂಗ್‌ಗಳೂ ಮತ್ತೆ ಕಾಣಿಸಿಕೊಂಡಿವೆ.

ನಾವು ಮಾಡಬೇಕಾದ್ದು ದೊಡ್ಡದೇನಲ್ಲ. ಯಾರೋ ಆಸ್ಥೆಯಿಂದ ಬರೆದ ಒಂದು ಒಳ್ಳೆ ಪುಟ ಕಂಡರೆ ಅದರ ವಿಳಾಸ ಬರೆದಿಟ್ಟುಕೊಳ್ಳಿ. ಅದೇ ಆಸಕ್ತಿ ಇರುವ ಇನ್ನೊಬ್ಬರಿಗೆ, ಯಾಕೆ ಓದಬೇಕು ಅಂತ ಒಂದು ಸಾಲು ಸೇರಿಸಿ, ಕಳಿಸಿ. ಇಂಟರ್ನೆಟ್‌ನಲ್ಲಿ ಜನ ಮೊದಲು ದಾರಿ ಮಾಡಿಕೊಂಡಿದ್ದು ಹೀಗೇ. ಅದಕ್ಕೆ ಇವತ್ತಿಗೂ ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ.