ಎರಡು ರಾಶಿಗಳಿಗೆ ಒಗ್ಗದ ಮಾತ್ರೆ

1969ರ ಮಳೆಗಾಲದಲ್ಲಿ ನಮ್ಮಪ್ಪನಿಗೆ ಹಾರ್ಟ್ ಅಟ್ಯಾಕ್ ಆಯಿತು. ಆಗ ನಾವು ಅರಸೀಕೆರೆಯಲ್ಲಿದ್ದೆವು. ನಡುಮನೆಯಲ್ಲಿ ಮಂಚ ಹಾಕಿ ಮಲಗಿಸಿದರು. ಆರು ವಾರ ಮಂಚದಿಂದ ಇಳಿಯಕೂಡದು ಎಂದು ಡಾಕ್ಟರ ಕಟ್ಟಪ್ಪಣೆ. ಹಲ್ಲುಜ್ಜಿಸುವುದು, ಅನ್ನ ಕಲೆಸಿ ಬಾಯಿಗಿಡುವುದು, ಉಳಿದದ್ದೆಲ್ಲ ಮಲಗಿದಲ್ಲಿಯೇ. ಮಗ್ಗುಲಾಗಬೇಕಾದರೂ ಇಬ್ಬರು ಹಿಡಿದು ಹೊರಳಿಸಬೇಕು. ನಾವು ಮಕ್ಕಳು ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುತ್ತಿದ್ದೆವು. ಅಪ್ಪ ವಿಶ್ರಾಂತಿ ತೆಗೆದುಕೊಂಡರೆಂದು ಊರೆಲ್ಲ ಹೇಳಿತು. ಅಮ್ಮ ಆ ಆರು ವಾರ ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಲಿಲ್ಲವೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಡಾಕ್ಟರ ತಪ್ಪೇನೂ ಇರಲಿಲ್ಲ. ಅವರು ಓದಿದ್ದು ಹಾಗೆಯೇ. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿದರೂ ಮನುಷ್ಯ ಬದುಕಿ ಉಳಿಯಬಹುದು ಎಂದು ಷಿಕಾಗೋದ ಜೇಮ್ಸ್ ಹೆರಿಕ್ 1912ರಲ್ಲಿ ಬರೆದಾಗ, ಅದಕ್ಕೆ ಹೇಳಿದ ಚಿಕಿತ್ಸೆಯೂ ಹಾಸಿಗೆಯೇ. ಸತ್ತ ಸ್ನಾಯುವಿನ ಗಾಯ ಮಾಯಲು ಆರು ವಾರ ಬೇಕು, ಅಲ್ಲಿಯತನಕ ಅಲುಗಾಡಿದರೆ ಹೃದಯ ಒಡೆದೀತು ಎಂಬ ಭಯ. ಕೇಳಲು ಎಷ್ಟು ಸರಿಯೆನಿಸುತ್ತದೆ ನೋಡಿ! ಬಾಣಂತಿಗೆ ನೀರು ಕೊಡಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಾಗಲೂ ಹೀಗೆಯೇ ಸರಿಯೆನಿಸುತ್ತಿತ್ತು.

ಆದರೆ ಮಲಗಿಯೇ ಇದ್ದವರ ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹರಿದು ಪ್ರಾಣ ತೆಗೆಯುತ್ತಿತ್ತು. ಹೃದಯ ಉಳಿಸಲು ಹೋಗಿ ಆಳನ್ನೇ ಕಳೆದುಕೊಂಡಂತೆ. ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯ ಸ್ಯಾಮ್ಯುಯೆಲ್ ಲೆವೈನ್ ಇದನ್ನು ನೋಡಿ ನೋಡಿ ಬೇಸತ್ತು, ರೋಗಿಗಳನ್ನು ಮೊದಲ ದಿನಗಳಲ್ಲೇ ಎಬ್ಬಿಸಿ ಆರಾಮ ಕುರ್ಚಿಯಲ್ಲಿ ಕೂರಿಸೋಣವೆಂದರು. ಅವರ ಕಿರಿಯ ಬರ್ನಾರ್ಡ್ ಲೌನ್ ಈ ಕೆಲಸಕ್ಕೆ ನಿಂತಾಗ, ಕೊಲೆಯನ್ನೇ ಮಾಡಲು ಹೊರಟವನಂತೆ ಸಹೋದ್ಯೋಗಿಗಳು ಅವರನ್ನು ನೋಡಿದರಂತೆ. ಕುರ್ಚಿಯಲ್ಲಿ ಕೂತ ರೋಗಿಗಳೋ ಮುಖ ಅರಳಿಸಿಕೊಂಡು, ಮನೆಗೆ ಯಾವಾಗ ಕಳಿಸುತ್ತೀರಿ ಎಂದು ಕೇಳತೊಡಗಿದರು. 81 ರೋಗಿಗಳ ಈ ವರದಿ 1952ರಲ್ಲೇ ಅಚ್ಚಾಯಿತು. ಹದಿನೇಳು ವರ್ಷ ಕಳೆದರೂ ಆ ಕುರ್ಚಿ ಅರಸೀಕೆರೆಗೆ ಬಂದಿರಲಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲೇ ತಾತನ ಆರಾಮ ಕುರ್ಚಿ ಇತ್ತು ಎಂಬುದು ಬೇರೆ ಮಾತು.

ಅಪ್ಪ ಚೇತರಿಸಿಕೊಂಡರು. ಹಾರ್ಟ್ ಅಟ್ಯಾಕ್ ಎಂದರೆ ಗಂಡಸರ ಕಾಯಿಲೆ ಎಂಬ ತಿಳಿವಳಿಕೆ ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು.

ಇಪ್ಪತ್ತು ವರ್ಷದ ಮೇಲೆ, 1989ರ ದೀಪಾವಳಿ ಕಳೆದ ವಾರ, ಅಮ್ಮ ಒಲೆಯ ಮುಂದೆ ನಿಂತಿದ್ದವಳು ಸೌಟು ಕೆಳಗಿಟ್ಟು ಕೂತಳು. ಬೆನ್ನು ಹಿಡಿದಂತಾಗಿದೆ, ದವಡೆ ಸೆಳೆಯುತ್ತಿದೆ, ಹೊಟ್ಟೆ ತೊಳಸುತ್ತಿದೆ ಎಂದಳು. ಸೀರೆಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಜೀರಿಗೆ ಕಷಾಯ ಕೊಟ್ಟೆ. ಸಂಜೆ ಡಾಕ್ಟರ ಹತ್ತಿರ ಹೋದೆವು. ಹಬ್ಬದ ಕರಿದ ತಿಂಡಿ, ಗ್ಯಾಸು ಎಂದರು. ಮನೆಯಲ್ಲಿ ಏನಾದರೂ ಚಿಂತೆಯೇ ಎಂದೂ ಕೇಳಿದರು. ಐವತ್ತೆಂಟು ವರ್ಷದ ಹೆಂಗಸಿಗೆ ಚಿಂತೆಯೇ ಎಂದು ಕೇಳಿದರೆ ಇಲ್ಲವೆನ್ನುವುದು ಹೇಗೆ? ಮಾತ್ರೆ ಬರೆದುಕೊಟ್ಟರು. ನಾನೂ ನಂಬಿದೆ, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ದಿನದ ಮೇಲೆ ಮೆಟ್ಟಿಲು ಹತ್ತಲಾರದೆ ಏದುಸಿರು ಬಿಟ್ಟಾಗ ಬೇರೊಬ್ಬ ಡಾಕ್ಟರು ಇ.ಸಿ.ಜಿ. ತೆಗೆದು, "ಆಗಿ ನಾಲ್ಕೈದು ದಿನವಾಗಿದೆಯಲ್ಲಮ್ಮ" ಎಂದರು. ಹೆಪ್ಪು ಕರಗಿಸುವ ಔಷಧಿ ಕೊಡುವ ಗಳಿಗೆ ಮೀರಿಹೋಗಿತ್ತು. ಒಂದು ಚಿಕ್ಕ ಬಿಳಿ ಮಾತ್ರೆ ಬರೆದು, ಇದನ್ನು ಬಿಡಬೇಡಿ ಎಂದರು. ಆಸ್ಪಿರಿನ್. ತಲೆನೋವಿಗೆ ಅಂಗಡಿಯಲ್ಲಿ ಸಿಗುವ ಅದೇ ಮಾತ್ರೆ.

ತಲೆನೋವಿನ ಮಾತ್ರೆ ಹೃದಯಕ್ಕೆ ಬಂದ ಕಥೆ ನನಗೆ ತಿಳಿದದ್ದು ಎಷ್ಟೋ ಆಮೇಲೆ, ಮಗಳು ಮೆಡಿಕಲ್ ಓದುವಾಗ. ಕ್ಯಾಲಿಫೋರ್ನಿಯಾದ ಗ್ಲೆಂಡೇಲಿನಲ್ಲಿ ಲಾರೆನ್ಸ್ ಕ್ರೇವನ್ ಎಂಬ ಸಾಧಾರಣ ವೈದ್ಯ ಇದ್ದರು. ಟಾನ್ಸಿಲ್ ತೆಗೆಸಿಕೊಂಡ ಮಕ್ಕಳು ನೋವಿಗೆಂದು ಆಸ್ಪಿರಿನ್ ಬೆರೆಸಿದ ಚ್ಯೂಯಿಂಗ್ ಗಮ್ ಜಗಿದರೆ ರಕ್ತ ನಿಲ್ಲುವುದು ತಡವಾಗುತ್ತದೆ ಎಂಬುದು ಅವರ ಕಣ್ಣಿಗೆ ಬಿತ್ತು. ಹಾಗಾದರೆ ಹೃದಯದ ನಾಳದಲ್ಲೂ ಹೆಪ್ಪು ಕಟ್ಟದಂತೆ ಇದು ತಡೆಯಬಹುದಲ್ಲ ಎಂದು ತಮ್ಮ ಗಂಡಸು ರೋಗಿಗಳಿಗೆಲ್ಲ ದಿನವೂ ಆಸ್ಪಿರಿನ್ ಕೊಟ್ಟು, 1950ರಿಂದ ಸಣ್ಣಪುಟ್ಟ ಪತ್ರಿಕೆಗಳಲ್ಲಿ ಬರೆದರು. ದೊಡ್ಡವರು ಓದಲಿಲ್ಲ. ಓದಿದ್ದರೂ ನಂಬುವಂತಿರಲಿಲ್ಲ, ಮಾತ್ರೆ ತಿನ್ನದವರ ಜೊತೆ ಹೋಲಿಸಿಯೇ ಇರಲಿಲ್ಲವಲ್ಲ. 1957ರಲ್ಲಿ ಪಾಪ, ಅವರೇ ಹೃದಯಾಘಾತದಿಂದ ತೀರಿಕೊಂಡರು.

ಹೋಲಿಸಿ ನೋಡುವ ಕೆಲಸ ಸರಿಯಾಗಿ ಆದದ್ದು ಆಕ್ಸ್‌ಫರ್ಡಿನವರು ನಡೆಸಿದ 'ಐಸಿಸ್-2' ಎಂಬ ಪ್ರಯೋಗದಲ್ಲಿ. ಇದು 1988ರ ಆಗಸ್ಟಿನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 417 ಆಸ್ಪತ್ರೆಗಳು, 17,187 ರೋಗಿಗಳು. ಎದೆನೋವು ಶುರುವಾಗಿ 24 ಗಂಟೆಯೊಳಗೆ ಬಂದವರನ್ನು, ಚೀಟಿ ಎತ್ತಿದ ಹಾಗೆ, ನಾಲ್ಕು ಪಾಲು ಮಾಡಿದರು. ಒಂದು ಪಾಲಿಗೆ ಒಂದು ತಿಂಗಳು ಆಸ್ಪಿರಿನ್, ಒಂದಕ್ಕೆ ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಡ್ರಿಪ್, ಒಂದಕ್ಕೆ ಎರಡೂ, ಒಂದಕ್ಕೆ ಎರಡೂ ಇಲ್ಲ, ಬರೀ ಹುಸಿ ಮಾತ್ರೆ, ಹುಸಿ ಡ್ರಿಪ್. ಯಾರಿಗೆ ಯಾವುದೆಂದು ಕೊಡುವ ಡಾಕ್ಟರಿಗೂ ಗೊತ್ತಿಲ್ಲ. ಐದು ವಾರದ ಕೊನೆಗೆ ಎಣಿಸಿದರೆ, ಎರಡೂ ಸಿಗದ 4,300 ಜನರಲ್ಲಿ ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ಸತ್ತವರು 568, ಎರಡೂ ಸಿಕ್ಕ 4,292 ಜನರಲ್ಲಿ 343. ಆಸ್ಪಿರಿನ್ ಒಂದೇ ನೂರಕ್ಕೆ 23ರಷ್ಟು ಸಾವುಗಳನ್ನು ತಗ್ಗಿಸಿತ್ತು. ಕಾಸಿನ ಮಾತ್ರೆ!

ನನಗೆ ಅಚ್ಚುಮೆಚ್ಚಿನ ಭಾಗ ಮುಂದಿದೆ. ಯಾವ ಯಾವ ಗುಂಪಿಗೆ ಎಷ್ಟೆಷ್ಟು ಲಾಭ, ಬಿಡಿಸಿ ತೋರಿಸಿ ಎಂದು ಪತ್ರಿಕೆಯವರು ಪಟ್ಟು ಹಿಡಿದರು. ರಾಶಿಯನ್ನು ಹೀಗೆ ಚೂರು ಚೂರು ಮಾಡಿದರೆ ಎಲ್ಲೋ ಒಂದು ಚೂರಿನಲ್ಲಿ ಕಾಕತಾಳೀಯವಾಗಿ ಸುಳ್ಳು ಫಲ ಸಿಕ್ಕೇ ಸಿಗುತ್ತದೆ ಎಂದು ರಿಚರ್ಡ್ ಪೀಟೋ, ರೋರಿ ಕಾಲಿನ್ಸ್ ಮುಂತಾದ ಸಂಶೋಧಕರಿಗೆ ಗೊತ್ತಿತ್ತು. ಅದಕ್ಕೇ ರೋಗಿಗಳನ್ನು ಜನ್ಮರಾಶಿಯ ಪ್ರಕಾರವೂ ವಿಂಗಡಿಸಿ ಪಟ್ಟಿ ಕೊಟ್ಟರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಲಾಭವಿಲ್ಲ, ತುಸು ಕೇಡೇ ಎಂದು ಲೆಕ್ಕ ಬಂತು! ಗಂಭೀರವಾದ ಆ ಪತ್ರಿಕೆಯಲ್ಲಿ ಇದು ಹಾಗೆಯೇ ಅಚ್ಚಾಗಿದೆ.

1996ರಲ್ಲಿ ಮಗಳು ರಜೆಗೆ ಬಂದಾಗ ಊಟದ ಹೊತ್ತಿಗೆ ಇದನ್ನು ಹೇಳಿ ನಗುತ್ತಿದ್ದಳು. ಅಮ್ಮ ಸ್ವಾತಿ ನಕ್ಷತ್ರ, ತುಲಾ ರಾಶಿ. ತುತ್ತು ಕೈಯಲ್ಲೇ ನಿಂತಿತು. "ಏಳು ವರ್ಷದಿಂದ ನುಂಗಿಸ್ತಿದೀರಲ್ಲೇ!" ಅವರದು ಸೂರ್ಯನ ಲೆಕ್ಕ, ನಮ್ಮದು ಚಂದ್ರನ ಲೆಕ್ಕ, ಅಜ್ಜಿ, ನಿನ್ನ ತುಲಾ ಬೇರೆ, ಅವರ ತುಲಾ ಬೇರೆ ಎಂದು ಮಗಳು ಸಮಾಧಾನ ಮಾಡಿದಳು. ಪ್ರಯೋಗದ ತತ್ತ್ವ ವಿವರಿಸುವುದಕ್ಕಿಂತ ಅದೇ ಸುಲಭವಾಯಿತು. ಅಮ್ಮ ಮಾತ್ರೆ ಬಿಡಲಿಲ್ಲ.

ಈ ಐಸಿಸ್ ಸರಣಿಯ ಮೊದಲ ಪ್ರಯೋಗ ಕಟ್ಟಿದವರಲ್ಲಿ ಒಬ್ಬರಾದ ಸಲೀಂ ಯೂಸುಫ್ ಕೇರಳದವರು, ವೈದ್ಯಕೀಯ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. ಇದನ್ನು ಕೇಳಿ ನನಗೇಕೋ ತವರಿನವರೊಬ್ಬರು ಸಿಕ್ಕಂತಾಯಿತು.

ಐಸಿಸ್-2ರಲ್ಲಿ ಹೆಂಗಸರೂ ಇದ್ದರು. ಎಲ್ಲ ಪ್ರಯೋಗಗಳ ಮಾತು ಹಾಗಲ್ಲ. ಆರೋಗ್ಯವಂತರು ಆಸ್ಪಿರಿನ್ ತಿಂದರೆ ಮೊದಲ ಆಘಾತ ತಪ್ಪೀತೇ ಎಂದು ಅಮೆರಿಕದಲ್ಲಿ ನೋಡಿದ್ದು 22,071 ಡಾಕ್ಟರುಗಳ ಮೇಲೆ. ಒಬ್ಬಳೂ ಹೆಂಗಸಿಲ್ಲ. ಆಘಾತಗಳು ನೂರಕ್ಕೆ 44ರಷ್ಟು ಕಡಿಮೆಯಾದವು ಎಂದು 1989ರ ಅಂತಿಮ ವರದಿ. ಲೋಕವೆಲ್ಲ ಅದನ್ನು ಹೆಂಗಸರಿಗೂ ಹಚ್ಚಿತು. 1991ರಲ್ಲಿ ಹೃದ್ರೋಗತಜ್ಞೆ ಬರ್ನಡೀನ್ ಹೀಲಿ ಒಂದು ಲೇಖನ ಬರೆದರು. ಐಸಾಕ್ ಸಿಂಗರರ ಕಥೆಯಲ್ಲಿ ಯೆಂಟ್ಲ್ ಎಂಬ ಯಹೂದಿ ಹುಡುಗಿ ಧರ್ಮಗ್ರಂಥ ಓದುವ ಆಸೆಗೆ ಗಂಡುವೇಷ ಹಾಕುತ್ತಾಳೆ. ಹೆಣ್ಣಿನ ಹೃದ್ರೋಗವೂ ಹಾಗೆಯೇ, ತನಗೂ ಗಂಡಸಿನಂಥದೇ ಕಾಯಿಲೆಯೆಂದು ಸಿದ್ಧಪಡಿಸಿದ ಮೇಲಷ್ಟೇ ಗಂಡಸಿಗೆ ಸಿಗುವ ಚಿಕಿತ್ಸೆ ಸಿಗುತ್ತದೆ ಎಂದರು ಹೀಲಿ. ಓದಿದಾಗ ನನಗೆ ಜೀರಿಗೆ ಕಷಾಯದ ವಾಸನೆ ಬಂತು.

ಕೊನೆಗೂ 39,876 ಹೆಂಗಸರ ಮೇಲೆ ಹತ್ತು ವರ್ಷ ನೋಡಿದ ಪ್ರಯೋಗದ ಫಲ 2005ರಲ್ಲಿ ಬಂತು. ಆರೋಗ್ಯವಂತ ಹೆಂಗಸರಲ್ಲಿ ಒಟ್ಟಾರೆ ಆಸ್ಪಿರಿನ್ ಮೊದಲ ಹೃದಯಾಘಾತವನ್ನು ತಪ್ಪಿಸಲಿಲ್ಲ, ಪಾರ್ಶ್ವವಾಯುವನ್ನು ಒಂದಿಷ್ಟು ತಗ್ಗಿಸಿತು. ಹೊಟ್ಟೆಯ ರಕ್ತಸ್ರಾವ ಹೆಚ್ಚಿತು. ಒಮ್ಮೆ ಆಘಾತವಾದವರ ಮಾತು ಬೇರೆ, ಅವರಿಗೆ ಹೆಣ್ಣಾಗಲಿ ಗಂಡಾಗಲಿ ಅದು ಬೇಕು. ಪಕ್ಕದ ಮನೆಯವರು ತಿನ್ನುತ್ತಾರೆಂದು ನಾವೂ ನುಂಗುವಂಥದ್ದಲ್ಲ. ಅದಕ್ಕೂ ಒಂದು ವರ್ಷ ಮೊದಲು ಯೂಸುಫ್ ಅವರ ಮುಂದಾಳ್ತನದ 52 ದೇಶಗಳ 'ಇಂಟರ್‌ಹಾರ್ಟ್' ಅಧ್ಯಯನ, ಹೆಂಗಸರಿಗೆ ಮೊದಲ ಆಘಾತ ಗಂಡಸರಿಗಿಂತ ಸರಾಸರಿ ಒಂಬತ್ತು ವರ್ಷ ತಡವಾಗಿ ಬರುತ್ತದೆ ಎಂದು ತೋರಿಸಿತ್ತು. ತಡವಾಗಿ ಬರುವುದನ್ನೇ ನಾವು ಬರುವುದಿಲ್ಲ ಎಂದುಕೊಂಡಿದ್ದೆವು. ಹೆಂಗಸರಿಗೂ ಎದೆನೋವೇ ಮುಖ್ಯ ಲಕ್ಷಣ. ಆದರೆ ಏದುಸಿರು, ವಾಕರಿಕೆ, ಬೆನ್ನು ದವಡೆಯ ನೋವು, ಹೇಳಲಾರದ ಸುಸ್ತು ನಮ್ಮಲ್ಲಿ ಹೆಚ್ಚು.

ಅಮ್ಮ 2003ರಲ್ಲಿ ಹೋದಳು. ಹೃದಯದ ಅರ್ಧ ಬಲದಲ್ಲಿ ಹದಿನಾಲ್ಕು ವರ್ಷ ನಡೆಸಿದಳು. ಆ ನಾಲ್ಕು ದಿನ ಕಳೆಯದೆ ಇದ್ದಿದ್ದರೆ ಎಂಬ ಲೆಕ್ಕ ಹಾಕಲು ನನಗೆ ಯಾವ ಪ್ರಯೋಗವೂ ನೆರವಾಗುವುದಿಲ್ಲ.

ಕಳೆದ ವರ್ಷ ನಾದಿನಿ ಫೋನು ಮಾಡಿ, ಬೆನ್ನು ಸೆಳೆತ, ವಾಕರಿಕೆ, ಗ್ಯಾಸಿರಬೇಕು ಅತ್ತಿಗೆ ಎಂದಳು. ಆಟೋ ಹಿಡಿದು ಹೋಗಿ, ಒಲೆ ಆರಿಸಿ, ಉಟ್ಟ ಸೀರೆಯಲ್ಲೇ ಎಳೆದುಕೊಂಡು ಹೋಗಿ ಇ.ಸಿ.ಜಿ. ತೆಗೆಸಿದೆ, ರಕ್ತಪರೀಕ್ಷೆ ಮಾಡಿಸಿದೆ, ಮತ್ತೆರಡು ಗಂಟೆ ಕೂರಿಸಿ ಇನ್ನೊಮ್ಮೆ ಮಾಡಿಸಿದೆ. ಗ್ಯಾಸೇ ಆಗಿತ್ತು. ಒಂದು ಸಂಜೆ ಹಾಳು, ಸಾರು ಹಳಸಿತು ಎಂದು ದಾರಿಯುದ್ದಕ್ಕೂ ಬೈದಳು. ಖುಷಿಯಿಂದ ಬೈಸಿಕೊಂಡೆ.