ದಾಖಲಾತಿ ಪುಸ್ತಕದ ಶಾಯಿ

ಸುವರ್ಣ ಮಹೋತ್ಸವ ಸಮಿತಿಯವರು ಶಾಲೆಯ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಕೇಳಿದಾಗ ನಾನು ಮೊದಲು ಮಾಡಿದ ಕೆಲಸ, ಕಚೇರಿಯ ಕಬ್ಬಿಣದ ಬೀರು ತೆಗೆಸಿ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಮೇಜಿನ ಮೇಲೆ ಇಡಿಸಿದ್ದು. ಕಟ್ಟಡಕ್ಕೆ ಜಾಗ ಕೊಟ್ಟವರು, ದುಡಿದ ಮುಖ್ಯೋಪಾಧ್ಯಾಯರು, ವರ್ಷವರ್ಷದ ಫಲಿತಾಂಶ, ಇವನ್ನೆಲ್ಲ ಈ ಸಂಚಿಕೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಬರೆದಿದ್ದಾರೆ. ಪುಟ ತಿರುವುತ್ತ ಹೋದಂತೆ ನನ್ನ ಕಣ್ಣಿಗೆ ಬಿದ್ದದ್ದು ಶಾಯಿ. ಯಾವ ವರ್ಷ ಯಾವ ಪೆನ್ನಿನಲ್ಲಿ ಬರೆದರು ಎಂಬುದನ್ನು ಆ ಹಾಳೆಗಳೇ ಹೇಳುತ್ತವೆ.

1975ರ ಮೊದಲ ರಿಜಿಸ್ಟರು ಹಳೆಯ ದಾಸ್ತಾನಿನದು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಎರಡು ವರ್ಷ ಕಳೆದಿತ್ತು. ಆದರೂ ತಲೆಬರಹದಲ್ಲಿ ಮೈಸೂರು ಎಂದೇ ಅಚ್ಚಾಗಿದೆ, ಅದನ್ನು ಹೊಡೆದು ಮೇಲೆ ಕರ್ನಾಟಕ ಎಂದು ಕೈಯಲ್ಲಿ ಬರೆದಿದ್ದಾರೆ. ಆ ಪುಟಗಳ ಅಕ್ಷರ ಇಂದಿಗೂ ಕಪ್ಪಗೆ, ಅಂಚಿನಲ್ಲಿ ಸ್ವಲ್ಪ ಕಂದಿ, ಗಟ್ಟಿಯಾಗಿ ನಿಂತಿದೆ. ಎಂಬತ್ತರ ದಶಕದ ನಡುವೆ ಬಣ್ಣ ತಿಳಿನೀಲಿಗೆ ತಿರುಗುತ್ತದೆ. ತೊಂಬತ್ತರ ಕೊನೆಗೆ ಬಾಲ್‌ಪೆನ್ನಿನ ಸಣ್ಣ ಗೆರೆ ಬರುತ್ತದೆ. ಜಿಲ್ಲೆಯ ಅಂಕಣವನ್ನು ನೋಡಿದರೆ ನಗು ಬರುತ್ತದೆ. ಒಂದೇ ಊರು ಮೊದಲು ಬೆಂಗಳೂರು ಜಿಲ್ಲೆ, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಮತ್ತೆ ಬೆಂಗಳೂರು ದಕ್ಷಿಣ ಎನ್ನುವ ತೀರ್ಮಾನ. ಊರು ಎಲ್ಲಿಗೂ ಹೋಗಿಲ್ಲ. ಇನ್ನು ಹುಟ್ಟಿದ ದಿನಾಂಕ! ನಮ್ಮ ವಯಸ್ಸಿನವರಲ್ಲಿ ಅರ್ಧಕ್ಕರ್ಧ ಮಂದಿ ಜೂನ್ 1ರಂದೇ ಹುಟ್ಟಿದವರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ದಿನವೇ ನಮಗೆ ಕೊನೆಯವರೆಗೂ ಹುಟ್ಟುಹಬ್ಬ. ಹೆತ್ತವ್ವ ಹೇಳಿದರೂ ನಡೆಯುವುದಿಲ್ಲ, ಶಾಯಿ ಹೇಳಿದ್ದೇ ಪ್ರಮಾಣ.

ನಮ್ಮ ಸೀಮೆಯಲ್ಲಿ ಬರೆಯುವ ಸಾಮಾನು ಯಾವಾಗಲೂ ಹೀಗೆ ಮೆಲ್ಲಗೆ ಬದಲಾಗುತ್ತ ಬಂದಿದೆ. ಓಲೆಗರಿಗೆ ಕಂಠವಿತ್ತು, ಗರಿಯ ಮೇಲೆ ಕೊರೆದು ಮಸಿ ತೀಡುತ್ತಿದ್ದರು. ಶಾನುಭೋಗರ ಲೆಕ್ಕಕ್ಕೆ ಕಡತವಿತ್ತು. ಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುವ ಪುಸ್ತಕ ಅದು. 1810ರಲ್ಲಿ ಅಚ್ಚಾಗತೊಡಗಿದ ತನ್ನ ಮೈಸೂರು ಇತಿಹಾಸದಲ್ಲಿ ಮಾರ್ಕ್ ವಿಲ್ಕ್ಸ್ ಅದನ್ನು ವರ್ಣಿಸಿದ್ದಾನೆ. ಬಟ್ಟೆ ಹೋಯಿತು, ಬಳಪ ಹೋಯಿತು, ತಾಲ್ಲೂಕು ಕಚೇರಿಯಲ್ಲಿ ಕಡತ ಎಂಬ ಮಾತು ಮಾತ್ರ ಉಳಿಯಿತು. ಕಾಗದ ಬಂದ ಮೇಲೆ ಅದ್ದಿ ಬರೆಯುವ ಲೇಖನಿ ಬಂತು. ಮಸಿಕುಡಿಕೆ, ಮರದ ಹಿಡಿ, ಉಕ್ಕಿನ ನಿಬ್ಬು. ನಮ್ಮ ತಂದೆಯವರು ಕಲಿತದ್ದು ಅದರಲ್ಲೇ. ನಾಲ್ಕು ಅಕ್ಷರಕ್ಕೊಮ್ಮೆ ಅದ್ದಬೇಕು, ಅಂಗಿಯ ತೋಳಿಗೆಲ್ಲ ಮಸಿ.

ಆ ತೊಂದರೆಯನ್ನು ತಪ್ಪಿಸಿದ್ದು ಹೊಟ್ಟೆಯೊಳಗೇ ಶಾಯಿ ಇಟ್ಟುಕೊಂಡ ಪೆನ್ನು. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಹಕ್ಕು ಪಡೆದ ಪೆನ್ನು ಮೊದಲು ದೊರೆಗಳ, ವಕೀಲರ ಜೇಬಿನಲ್ಲಿತ್ತು. ಅದು ನಮ್ಮಂಥವರ ಕೈಗೆ ಬಂದದ್ದು ಸ್ವದೇಶಿ ಚಳವಳಿಯ ನಂತರ. ರಾಜಮಹೇಂದ್ರಿಯ ರತ್ನಂ ಅವರ ಪೆನ್ನು, ಬಂಗಾಳದಲ್ಲಿ ಮೈತ್ರ ಸಹೋದರರು 1934ರಲ್ಲಿ ಶುರುಮಾಡಿದ ಸುಲೇಖಾ ಶಾಯಿ, ಮುಂಬಯಿಯ ದಾಂಡೇಕರರ ಕ್ಯಾಮೆಲ್ ಶಾಯಿ, ಎಲ್ಲವೂ ಮೂವತ್ತರ ದಶಕದ ಹುರುಪಿನಲ್ಲಿ ಹುಟ್ಟಿದವು. ನಾವು ಹೈಸ್ಕೂಲಿಗೆ ಬರುವ ಹೊತ್ತಿಗೆ ಪೇಟೆಯ ಪ್ರತಿ ಪುಸ್ತಕದಂಗಡಿಯಲ್ಲಿ ಎರಡು ಮೂರು ರೂಪಾಯಿಯ ಪ್ಲಾಸ್ಟಿಕ್ ಪೆನ್ನು ಸಿಗುತ್ತಿತ್ತು.

ನಾನು 1976ರಲ್ಲಿ 8ನೇ ತರಗತಿಗೆ ಸೇರಿದೆ. ಆಗ ಎಂಟನೆಯ ತರಗತಿ ಎಂದರೆ ಸೀಸದ ಕಡ್ಡಿ ಬಿಟ್ಟು ಇಂಕ್ ಪೆನ್ನು ಹಿಡಿಯುವುದು ಎಂದೇ ಅರ್ಥ. ನಮ್ಮ ಮನೆಯಲ್ಲಿ ಆ ಬೆಳೆಯ ರೇಷ್ಮೆಗೂಡು ಮಾರುವ ತನಕ ಪೆನ್ನಿಲ್ಲ ಎಂದು ಅಪ್ಪ ಮೊದಲೇ ಹೇಳಿದ್ದರು. ಹುಳು ಚಂದ್ರಿಕೆಗೆ ಹತ್ತಿ, ಗೂಡು ಕಟ್ಟಿ, ಅದನ್ನು ಬಿಡಿಸಿ ರಾಮನಗರಕ್ಕೆ ಹಾಕುವವರೆಗೆ ಪಕ್ಕದವನ ಪೆನ್ನು ಬೇಡಿ ಬರೆದೆ. ಗೂಡಿನ ದುಡ್ಡು ಬಂದ ದಿನ ಅಪ್ಪ ಚನ್ನಪಟ್ಟಣದ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯ ಸಾಹೇಬರು ಆರು ಪೆನ್ನು ಮುಂದಿಟ್ಟು, “ಬಣ್ಣ ನೋಡ್ಬೇಡ ಮರಿ, ಮುಳ್ಳು ನೋಡು” ಎಂದರು. ನಿಬ್ಬನ್ನು ಬೆಳಕಿಗೆ ಹಿಡಿದು, ಸೀಳು ನೇರವಾಗಿದೆಯೇ, ಎರಡು ತುದಿಯೂ ಸಮವಾಗಿವೆಯೇ ಎಂದು ತೋರಿಸಿದರು. ಶಾಯಿಗೆ ಅದ್ದಿ ಹಳೆಯ ಪೇಪರಿನ ಮೇಲೆ ಎಂಟರಂತೆ ಸುತ್ತಿ ಬರೆಸಿದರು. ಎತ್ತ ತಿರುಗಿದರೂ ಕೆರೆಯಬಾರದು. ಮೂರನೆಯ ಪೆನ್ನು ಕೆರೆಯಲಿಲ್ಲ. ಅಪ್ಪ ಚೌಕಾಸಿ ಮಾಡಿ ಎರಡೂಮುಕ್ಕಾಲಿಗೆ ತಂದು, ಫಿಲ್ಲರನ್ನು ಪುಕ್ಕಟೆ ಹಾಕಿಸಿಕೊಂಡರು. ಪೆನ್ನು ಕೊಳ್ಳುವುದರ ಬಗ್ಗೆ ಆ ಸಾಹೇಬರು ಹೇಳಿದ್ದಕ್ಕಿಂತ ಹೆಚ್ಚಿನದನ್ನು ನಾನು ಆಮೇಲೆ ಕಲಿತಿಲ್ಲ.

ಕೊಂಡದ್ದು ಸುಲಭ, ಸಾಕಿದ್ದು ಕಷ್ಟ. ನಮ್ಮ ಪೆನ್ನುಗಳು ಕತ್ತು ಬಿಚ್ಚಿ ಫಿಲ್ಲರಿನಲ್ಲಿ ಶಾಯಿ ತುಂಬುವ ಜಾತಿ. ಮರೆಯಲ್ಲಿ ಶಾಯಿ ಒಸರುತ್ತಿತ್ತು. ಅದಕ್ಕೆ ಮೇಣದಬತ್ತಿ ಉಜ್ಜಿ ತಿರುಗಿಸಬೇಕು. ತುಂಬ ಶಾಯಿಯಿದ್ದಾಗ ಸುಮ್ಮನಿರುವ ಪೆನ್ನು, ಕಾಲು ಭಾಗಕ್ಕೆ ಇಳಿದಾಗ ಇದ್ದಕ್ಕಿದ್ದಂತೆ ಕಕ್ಕುತ್ತಿತ್ತು. ಕಾರಣ ಆಗ ಗೊತ್ತಿರಲಿಲ್ಲ. ಒಳಗಿನ ಖಾಲಿ ಜಾಗದ ಗಾಳಿ ಕೈಯ ಬಿಸಿಗೆ ಹಿಗ್ಗಿ ಶಾಯಿಯನ್ನು ಹೊರಗೆ ದೂಡುತ್ತದೆ. ವಿಜ್ಞಾನದ ಮೇಷ್ಟ್ರು ಅನಿಲದ ಪಾಠಕ್ಕೆ ಇದೇ ಉದಾಹರಣೆ ಕೊಟ್ಟಿದ್ದರೆ ಯಾರೂ ಮರೆಯುತ್ತಿರಲಿಲ್ಲ. ಹಾಳೆಯ ಮೇಲೆ ಬಿದ್ದ ಬೊಟ್ಟನ್ನು ಸೀಮೆಸುಣ್ಣದ ಚೂರು ಹೀರುತ್ತಿತ್ತು. ಅಗ್ಗದ ನೋಟ್‌ಬುಕ್ಕಿನ ಕಾಗದದ ನಾರು ಸೀಳಿಗೆ ಸಿಕ್ಕಿದರೆ ಬರವಣಿಗೆ ಎರಡೆಳೆಯಾಗುತ್ತಿತ್ತು. ಹಳೆಯ ಬ್ಲೇಡನ್ನು ಮೆಲ್ಲಗೆ ಆಡಿಸಿದರೆ ಸರಿ, ಜೋರು ಮಾಡಿದರೆ ನಿಬ್ಬು ಬಾಯಿ ಬಿಟ್ಟಿತು. ತಿಂಗಳಿಗೊಮ್ಮೆ ನಿಬ್ಬನ್ನೂ ಅದರ ಕೆಳಗಿನ ಕಪ್ಪು ನಾಲಿಗೆಯನ್ನೂ ಕಳಚಿ ಲೋಟದ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಬೇಕು. ಬಿಸಿನೀರು ಹಾಕಿ ನಾಲಿಗೆ ಸೊಟ್ಟ ಮಾಡಿಕೊಂಡವರಲ್ಲಿ ನಾನೂ ಒಬ್ಬ.

ಶಾಯಿಯ ಸಾಲ ಇನ್ನೊಂದು ವ್ಯವಹಾರ. ಪರೀಕ್ಷೆಯ ಹೊತ್ತಿಗೆ ಖಾಲಿಯಾದರೆ ಪಕ್ಕದವನ ನಿಬ್ಬಿನಿಂದ ನಮ್ಮ ಪೆನ್ನಿನ ಬಾಯಿಗೆ ಹನಿ ಹನಿ ಬೀಳಿಸಿಕೊಳ್ಳಬೇಕು. ಐದು ಹನಿ ಕೊಟ್ಟವನು ಐದನ್ನೂ ನೆನಪಿಟ್ಟಿರುತ್ತಿದ್ದ. ಪೆನ್ನನ್ನೇ ಕೊಡುವವರು ಮಾತ್ರ ಕಡಿಮೆ; ನಿಬ್ಬು ಒಬ್ಬರ ಕೈಯ ಓರೆಗೆ ಸವೆದಿರುತ್ತದೆ, ಇನ್ನೊಬ್ಬರು ಒತ್ತಿದರೆ ಕೆಟ್ಟಿತು. ಎಸ್ಸೆಸ್ಸೆಲ್ಸಿಯ ಕೊನೆಯ ದಿನ ಉಳಿದ ಶಾಯಿಯನ್ನೆಲ್ಲ ಒಬ್ಬರ ಬೆನ್ನಿಗೊಬ್ಬರು ಎರಚಿಕೊಂಡು ಮನೆಗೆ ಹೋಗಿ ಬೈಸಿಕೊಂಡವರು ಈ ಲೇಖನ ಓದುತ್ತಿರುವವರಲ್ಲಿ ಬಹಳ ಮಂದಿ ಇದ್ದೀರಿ. ಬಾಲ್‌ಪೆನ್ನು ಬಂದ ಮೇಲೆ ಆ ಆಟವೂ ನಿಂತಿತು. ಅಕ್ಷರ ಕೆಡುತ್ತದೆಂದು ಮೇಷ್ಟ್ರುಗಳು ಅದನ್ನು ಬಹಳ ಕಾಲ ತಡೆದರು. ನಾನೂ ಮೇಷ್ಟ್ರಾಗಿ ತಡೆದೆ. ಎಂಬತ್ತರ ದಶಕದ ಕೊನೆಗೆ ಬಿಳಿ ಮೈ, ನೀಲಿ ಟೊಪ್ಪಿಯ ರೆನಾಲ್ಡ್ಸ್ ಬಂದ ಮೇಲೆ ತಡೆಯುವುದು ಆಗಲಿಲ್ಲ. ಸೋರುವುದಿಲ್ಲ, ತೊಳೆಯುವುದು ಬೇಡ, ಬಸ್ಸಿನಲ್ಲಿ ಜೇಬಿಗೆ ಬಣ್ಣ ಬಿಡುವುದಿಲ್ಲ. ಮಕ್ಕಳ ಮಾತು ಸರಿಯಾಗಿಯೇ ಇತ್ತು.

ಈಗ ರಿಜಿಸ್ಟರಿಗೆ ಬರುತ್ತೇನೆ. ಮೊದಲ ಪುಟಗಳು ಯಾಕೆ ಕಪ್ಪಗಿವೆ, ಆಮೇಲಿನವು ಯಾಕೆ ಮಾಸಿವೆ? ಶಾಯಿಯಲ್ಲಿ ಎರಡು ಕುಲ. ಒಂದು ಕಬ್ಬಿಣದ್ದು. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಮಾಡುತ್ತಿದ್ದದ್ದು ಇದನ್ನೇ. ಅನ್ನಭೇದಿ ಎಂದರೆ ಕಬ್ಬಿಣದ ಉಪ್ಪು. ಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ, ಗಾಳಿ ತಾಗಿದ ಮೇಲೆ ಕಪ್ಪಾಗಿ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಬಾಳೆಕಾಯಿ ಹೆಚ್ಚಿದ ಈಳಿಗೆಮಣೆ ಕಪ್ಪಾಗುವುದೂ ಹೀಗೆಯೇ. ಒಮ್ಮೆ ಹಿಡಿದರೆ ನೀರಿಗೆ ಬಿಡುವುದಿಲ್ಲ. ಬರೆಯುವಾಗ ಕಣ್ಣಿಗೆ ಕಾಣಲೆಂದು ಅದಕ್ಕೆ ನೀಲಿ ಬಣ್ಣ ಬೆರೆಸಿರುತ್ತಾರೆ, ದಿನ ಕಳೆದಂತೆ ಕಪ್ಪು ಮೇಲೆ ಬರುತ್ತದೆ. ಇನ್ನೊಂದು ಬರಿಯ ಬಣ್ಣ ಕರಗಿಸಿದ ನೀರು, ನಾವು ರಾಯಲ್ ಬ್ಲೂ ಎನ್ನುತ್ತಿದ್ದದ್ದು. ನೋಡಲು ಚೆಂದ, ಬಟ್ಟೆಯಿಂದ ಬೇಗ ಹೋಗುತ್ತದೆ, ಹಾಗೆಯೇ ಕಾಗದದಿಂದಲೂ. ಭಾರತೀಯ ಮಾನಕ ಸಂಸ್ಥೆ ಎರಡಕ್ಕೂ ಬೇರೆ ಬೇರೆ ಮಾನಕ ಇಟ್ಟಿತ್ತು. ಕಬ್ಬಿಣದ ಶಾಯಿಯದು ಐ.ಎಸ್. 220. ಬ್ಲೂ-ಬ್ಲ್ಯಾಕ್ ಎಂದು ಚೀಟಿ ಅಂಟಿಸಿದ ಬಾಟಲಿಗಳೆಲ್ಲ ಕಬ್ಬಿಣದ ಶಾಯಿಯಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಜನನ, ವಿವಾಹದ ರಿಜಿಸ್ಟರುಗಳಿಗೆ ಕಬ್ಬಿಣದ ಶಾಯಿಯನ್ನೇ ಬಳಸಬೇಕೆಂಬ ಕಟ್ಟಳೆ ಬಹಳ ಕಾಲ ಇತ್ತು.

ನಮ್ಮ ಶಾಲೆಗೂ ಮೊದಮೊದಲು ಬರುತ್ತಿದ್ದದ್ದು ನೀರಿಗೆ ಕಲೆಸುವ ಕಬ್ಬಿಣದ ಶಾಯಿಯ ಪುಡಿ. ಅದರ ಗುಣ ಎಷ್ಟೋ ಅಷ್ಟೇ ಅವಗುಣ. ಹುಳಿಯ ಅಂಶದಿಂದ ಉಕ್ಕಿನ ನಿಬ್ಬನ್ನು ತಿನ್ನುತ್ತದೆ, ಒಣಗಿದರೆ ಗಸಿ ಕಟ್ಟಿ ಪೆನ್ನಿನ ಗಂಟಲು ಹಿಡಿಯುತ್ತದೆ. ಅದ್ದುವ ಲೇಖನಿಗಾದರೆ ಚಿಂತೆಯಿಲ್ಲ, ಒರೆಸಿ ಇಟ್ಟರಾಯಿತು.

ನಾನು 1988ರಲ್ಲಿ ಇದೇ ಶಾಲೆಗೆ ಮೇಷ್ಟ್ರಾಗಿ ಬಂದೆ. ಮೊದಲ ಸಂಬಳದಲ್ಲಿ ಒಂದು ಹೀರೋ ಪೆನ್ನು ಕೊಂಡಿದ್ದೆ. ಚೀನಾದ ಶಾಂಘೈಯಲ್ಲಿ ಮಾಡಿದ್ದು, ಹೊಳೆಯುವ ಟೊಪ್ಪಿ, ಮುಚ್ಚಿದ ನಿಬ್ಬು, ಹಿಚುಕಿದರೆ ತಾನೇ ಶಾಯಿ ಹೀರುವ ರಬ್ಬರು. ನಾನು ಆವರೆಗೆ ಹಿಡಿದ ಪೆನ್ನುಗಳಲ್ಲೆಲ್ಲ ಅದೇ ಒಳ್ಳೆಯದು. ಅಕ್ಷರ ದುಂಡಗಿದೆಯೆಂದು ದಾಖಲಾತಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಚೇರಿಯ ಶಾಯಿ ಹಾಕಿದ ಎರಡೇ ತಿಂಗಳಿಗೆ ಹೀರೋ ಕಟ್ಟಿಕೊಂಡಿತು. ತೊಳೆದೆ, ನೆನೆಸಿದೆ, ಉಸಿರು ಹೋದಂತಾಯಿತು. ಆಮೇಲೆ ಕಚೇರಿಯ ಬಾಟಲಿ ಮುಟ್ಟಲಿಲ್ಲ. ಮನೆಯಿಂದ ರಾಯಲ್ ಬ್ಲೂ ತುಂಬಿಕೊಂಡು ಬಂದು ಅದರಲ್ಲೇ ರಿಜಿಸ್ಟರು ಬರೆದೆ. ಪುಟ ನೋಡಿದವರು ಮುತ್ತು ಪೋಣಿಸಿದ ಹಾಗಿದೆ ಎಂದರು. ಅದ್ದುವ ಲೇಖನಿ ಪಕ್ಕದ ಸೆಳೆಖಾನೆಯಲ್ಲೇ ಬಿದ್ದಿತ್ತು. ಅದನ್ನು ಎತ್ತಿಕೊಳ್ಳುವ ಬುದ್ಧಿ ನನಗೆ ಬರಲಿಲ್ಲ.

1999ರ ಮಳೆಗಾಲದಲ್ಲಿ ಕಚೇರಿಯ ಮೂಲೆ ಸೋರಿ ಬೀರುವಿನ ಕೆಳಗಿನ ಅರೆಗೆ ನೀರು ಇಳಿಯಿತು. ರಿಜಿಸ್ಟರುಗಳೆಲ್ಲ ನೆನೆದವು. ಬಿಸಿಲಿಗೆ ಹರವಿ ಒಣಗಿಸಿದೆವು. 1975ರದು ಉಬ್ಬಿಕೊಂಡಿತು, ಅಕ್ಷರ ಅಲುಗಲಿಲ್ಲ. ನನ್ನ ಪುಟಗಳ ಅಂಚಿನಲ್ಲಿ ನೀಲಿ ನೀರಿನ ಕಲೆ ಮಾತ್ರ ಉಳಿಯಿತು. ಹೆಸರಿನ ಅಂಕಣ ಒಳಗಿದ್ದುದರಿಂದ ಉಳಿದುಕೊಂಡಿತ್ತು. ಹೊರಗಿನ ಅಂಚಿಗಿದ್ದದ್ದು ಹುಟ್ಟಿದ ದಿನಾಂಕ.

ಆಗ ಅದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. 2004ರಲ್ಲಿ ಒಬ್ಬ ಹೆಣ್ಣುಮಗಳು ಬಂದಳು. 1993ರಲ್ಲಿ 8ಕ್ಕೆ ಸೇರಿ, ಮರುವರ್ಷ ಮದುವೆ ಮಾಡಿ ಬಿಡಿಸಿದ್ದ ಹುಡುಗಿ. ಅಂಗನವಾಡಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಬೇಕು, ಹುಟ್ಟಿದ ದಿನಾಂಕದ ದೃಢೀಕರಣ ಬೇಕು. ಎಸ್ಸೆಸ್ಸೆಲ್ಸಿಗೆ ಕೂತಿರಲಿಲ್ಲವಾದ್ದರಿಂದ ಅಂಕಪಟ್ಟಿ ಇಲ್ಲ, ಇರುವುದು ನಮ್ಮ ರಿಜಿಸ್ಟರೊಂದೇ. ಪುಟ ತೆಗೆದೆ. ಅವಳ ಹೆಸರು, ತಂದೆಯ ಹೆಸರು, ಊರು ಇದ್ದವು. ಮುಂದೆ ಬರಿಯ ನೀಲಿ ಮೋಡ. “ನೀವೇ ಬರ್ದಿದ್ದಲ್ವಾ ಸಾರ್, ನೆನಪಿಲ್ವಾ?” ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿ ಮೇಷ್ಟ್ರಿಗೆ ನೆನಪಿರಬಹುದೆಂದೇ ಕೇಳಿದ್ದು. ಅವಳು ಪ್ರಾಥಮಿಕ ಶಾಲೆ ಓದಿದ್ದು ಮಾಗಡಿ ಕಡೆ ತಾಯಿಯ ತವರಿನಲ್ಲಿ. ಅಲ್ಲಿಗೆ ಎರಡು ಸಲ ನಾನೇ ಹೋಗಿ, ಹಳೆಯ ದಾಖಲಾತಿ ಹುಡುಕಿಸಿ, ನಕಲು ತರುವ ಹೊತ್ತಿಗೆ ಅರ್ಜಿಯ ಕೊನೆಯ ದಿನ ಕಳೆದು ಹತ್ತು ದಿನವಾಗಿತ್ತು. ಆ ಕಡೆಯ ಪುಸ್ತಕದಲ್ಲಿ ಅವಳ ದಿನಾಂಕ ಕಪ್ಪಗೆ, ಸೊಟ್ಟಕ್ಷರದಲ್ಲಿ, ಸ್ಪಷ್ಟವಾಗಿತ್ತು. ಜೂನ್ 1.

ಹೀರೋ ಪೆನ್ನು ಈಗಲೂ ನನ್ನಲ್ಲಿದೆ, ಚೆನ್ನಾಗಿ ಬರೆಯುತ್ತದೆ. ಈ ಲೇಖನದ ಕರಡು ಅದರಲ್ಲೇ ಬರೆದದ್ದು. ಈಗ ಮಕ್ಕಳ ವಿವರವೆಲ್ಲ ಕಂಪ್ಯೂಟರಿನಲ್ಲಿದೆ. ಹಳೆಯದಕ್ಕೆ ಮಾತ್ರ ಇವತ್ತಿಗೂ ಈ ಪುಸ್ತಕಗಳೇ ಗತಿ. ಮುಖ್ಯೋಪಾಧ್ಯಾಯರ ಜೊತೆ ಕುಳಿತು ಎಣಿಸಿದೆ. 1992 ಮತ್ತು 1993ರಲ್ಲಿ 8ನೇ ತರಗತಿಗೆ ಸೇರಿದವರ ಪೈಕಿ ಏಳು ಮಂದಿಯ ದಿನಾಂಕ ಓದಲು ಬರುವುದಿಲ್ಲ. ಆ ಎರಡು ವರ್ಷ ಸೇರಿದವರು, ಅದರಲ್ಲೂ ನಡುವೆ ಶಾಲೆ ಬಿಟ್ಟವರು, ಮಹೋತ್ಸವಕ್ಕೆ ಬರುವಾಗ ನಿಮ್ಮ ಪ್ರಾಥಮಿಕ ಶಾಲೆಯ ವರ್ಗಾವಣೆ ಪತ್ರವನ್ನೋ ಅದರ ನಕಲನ್ನೋ ತನ್ನಿ. ತಿದ್ದಿ ಬರೆಯುವುದಕ್ಕೆ ಇಲಾಖೆಯ ಒಪ್ಪಿಗೆ ಬೇಕು. ದಾಖಲೆಗಳನ್ನು ಸೇರಿಸಿ ಕಳುಹಿಸುವ ಕೆಲಸ ನಾನು ಮಾಡುತ್ತೇನೆ. ಎರಡೂ ದಿನ ಕಚೇರಿಯ ಪಕ್ಕದ ಕೊಠಡಿಯಲ್ಲಿ ಸಿಗುತ್ತೇನೆ. ಮನೆಯಲ್ಲಿ ಕಟ್ಟಿಕೊಂಡು ಬಿದ್ದಿರುವ ಹಳೆಯ ಇಂಕ್ ಪೆನ್ನಿದ್ದರೆ ಅದನ್ನೂ ತನ್ನಿ. ನೀರಿನ ಲೋಟ ಇಟ್ಟುಕೊಂಡಿರುತ್ತೇನೆ.